ಊರು ಶುರುವಾಗುವ ಹನ್ನೊಂದು ಸೆಕೆಂಡು

ನಮ್ಮ ಊರು ದಿನಾ ಬೆಳಗ್ಗೆ ಆರು ಗಂಟೆಗೆ ಶುರುವಾಗುತ್ತದೆ. ಯಾವ ಊರು ತಾನೇ ಬೆಳಗ್ಗೆ ಶುರುವಾಗುವುದಿಲ್ಲ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಸೂರ್ಯ ಹುಟ್ಟುತ್ತಾನೆ, ಕೋಳಿ ಕೂಗುತ್ತದೆ, ಮನಸ್ಸಿದ್ದವರು ಏಳುತ್ತಾರೆ, ಇಲ್ಲದವರು ಮಗ್ಗುಲು ಬದಲಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಪಂಚಾಯಿತಿ ಕಟ್ಟಡದ ಹಿಂದಿನ ಕೋಣೆಯಲ್ಲಿ, ಮರದ ಕಪಾಟಿನೊಳಗೆ, ಬೂದು ಬಣ್ಣದ ಹಳೇ ವಿಡಿಯೋ ಗೇಮ್ ಪೆಟ್ಟಿಗೆಯೊಂದು ಇತ್ತು. ಒಂದು ಕಾಲದಲ್ಲಿ ಟೀವಿಗೆ ಹಚ್ಚಿ ಆಡುತ್ತಿದ್ದರಲ್ಲ, ಆ ಥರದ್ದು. ಅದರೊಳಗೆ ಒಂದು ಸಿ.ಡಿ. ಸುತ್ತುತ್ತಿತ್ತು. ಆ ಸಿ.ಡಿ.ಯಲ್ಲಿ ನಮ್ಮ ಊರು. ಆರಕ್ಕೆ ಸರಿಯಾಗಿ ಟೈಮರ್ ಟಕ್ ಎಂದು ಪೆಟ್ಟಿಗೆಗೆ ಕರೆಂಟು ಕೊಡುವುದು. ಕೆರೆಯ ಮೇಲಿನ ಆಕಾಶದಲ್ಲಿ ಪೆಟ್ಟಿಗೆ ಮಾಡಿದ ಕಂಪನಿಯ ಕಿತ್ತಳೆ ಬಣ್ಣದ ದೊಡ್ಡದೊಂದು ಗುರುತು ಮೂಡುವುದು, ಕಂಚಿನ ತಟ್ಟೆ ಬಿದ್ದ ಹಾಗೆ ಒಂದು ನಾದ ಊರೆಲ್ಲ ಹಬ್ಬುವುದು, ಆಮೇಲೆ ಗುರುತು ಮೆಲ್ಲಗೆ ಕರಗುವುದು. ಅಲ್ಲಿಗೆ ಊರು ಶುರು. ನಲ್ಲಿಗೆ ನೀರು, ಕೋಳಿಗೆ ಕೂಗು, ಮನುಷ್ಯರಿಗೆ ಕೈಕಾಲು, ಎಲ್ಲ ಒಟ್ಟಿಗೇ ಬರುತ್ತವೆ. ರಾತ್ರಿ ಹತ್ತಕ್ಕೆ ಟೈಮರ್ ಮತ್ತೆ ಟಕ್ ಎಂದರೆ ಎಲ್ಲಿದ್ದವರಿಗೆ ಅಲ್ಲೇ ನಿದ್ದೆ. ಅದಕ್ಕೇ ನಮ್ಮವರು ಒಂಬತ್ತೂವರೆಗೆಲ್ಲ ಹಾಸಿಗೆ ಸೇರಿಬಿಡುತ್ತಾರೆ.

ಆ ನಾದ ಕೇಳಿಸಿದಾಗಿನಿಂದ ಗುರುತು ಕರಗುವವರೆಗೆ ಹನ್ನೊಂದು ಸೆಕೆಂಡು. ಅಷ್ಟು ಹೊತ್ತು ಎಲ್ಲರಿಗೂ ಎಚ್ಚರವಿರುತ್ತದೆ, ಆದರೆ ಯಾರೂ ಅಲುಗಾಡುವಂತಿಲ್ಲ. ಕಿವಿ ಕೇಳುತ್ತದೆ, ಬಾಯಿ ಆಡುತ್ತದೆ, ಮಿಕ್ಕಿದ್ದೆಲ್ಲ ಹಾಸಿಗೆಗೆ ಅಂಟಿಕೊಂಡಿರುತ್ತದೆ. ಇಂಥ ಹೊತ್ತನ್ನು ಜನ ಸುಮ್ಮನೆ ಬಿಟ್ಟಾರೆಯೇ? ಎದುರಿಗಿರುವವರು ಎದ್ದು ಹೋಗುವಂತಿಲ್ಲ, ಕಿವಿ ಮುಚ್ಚಿಕೊಳ್ಳುವಂತಿಲ್ಲ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳುವಂತಿಲ್ಲ. ಹಗಲಲ್ಲಿ ಹೇಳಲಾಗದ್ದನ್ನೆಲ್ಲ ನಮ್ಮ ಊರಿನವರು ಆ ಹನ್ನೊಂದು ಸೆಕೆಂಡಿಗೆ ಎತ್ತಿಟ್ಟುಕೊಳ್ಳುತ್ತಾರೆ. ಹೆಂಡತಿ ಗಂಡನಿಗೆ, ಅಪ್ಪ ಮಗಳಿಗೆ, ಗೋಡೆಯಾಚೆ ಮಲಗಿದ ವಾರಗಿತ್ತಿಗೆ ಈಚೆಯ ವಾರಗಿತ್ತಿ. ಇದಕ್ಕೆ ಶುರುವಿನ ಮಾತು ಎನ್ನುತ್ತೇವೆ. ಎಷ್ಟೋ ಮದುವೆಗಳು ಹೀಗೆ ಕುದುರಿವೆ, ಎಷ್ಟೋ ಜಗಳಗಳು ಹೀಗೆ ಮುಗಿದಿವೆ. ಒಂದೇ ಒಂದು ಕಟ್ಟಳೆ ಇದೆ. ಶುರುವಿನ ಮಾತನ್ನು ಹಗಲಿಗೆ ತರಬಾರದು. ಅರ್ಧಕ್ಕೆ ನಿಂತಿತೋ, ಮಾರನೆಯ ಬೆಳಗ್ಗೆಯವರೆಗೆ ಅದು ಅರ್ಧಕ್ಕೇ ನಿಂತಿರಬೇಕು. ಈ ಕಟ್ಟಳೆಯನ್ನು ಮುರಿದವರನ್ನು ನಾನಂತೂ ನೋಡಿಲ್ಲ.

ನನ್ನ ಹೆಸರು ತಿಪ್ಪೇಶಿ. ರೇಡಿಯೋ, ಟೀವಿ, ಮಿಕ್ಸಿ ರಿಪೇರಿ ಮಾಡುತ್ತೇನೆ. ಆ ಪೆಟ್ಟಿಗೆಯ ಉಸ್ತುವಾರಿಯೂ ನನ್ನದೇ. ಊರಿನ ಯಾವ ಯಂತ್ರ ಕೆಟ್ಟರೂ ಅದು ನನ್ನ ಬೆಂಚಿನ ಮೇಲೆ ಬಂದು ಮಲಗಬೇಕು. ಇದನ್ನು ಜಂಬ ಎಂದು ಬೇಕಾದರೆ ಕರೆಯಿರಿ. ಯಂತ್ರಗಳ ಜೊತೆ ನನಗಿರುವ ತಾಳ್ಮೆ ಮನುಷ್ಯರ ಜೊತೆ ಇಲ್ಲ ಎಂಬುದು ನನ್ನ ಹೆಂಡತಿ ಸರ್ವಮಂಗಳೆಯ ದೂರು. ಅದರಲ್ಲಿ ಸುಳ್ಳೇನೂ ಇಲ್ಲ. ಮನೆಯಲ್ಲಿ ಮಾತು ಸ್ವಲ್ಪ ಬಿಸಿಯಾಗುತ್ತಿದೆ ಅನ್ನಿಸಿದರೆ ಸಾಕು, ನನ್ನ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಅವಳು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾನು ಅಂಗಡಿಯ ಬಾಗಿಲು ತೆಗೆದಿರುತ್ತೇನೆ. ಹಾಗಾಗಿ ಇಪ್ಪತ್ತೆರಡು ವರ್ಷದ ನಮ್ಮ ಸಂಸಾರವನ್ನು ಅವಳು ನಡೆಸಿದ್ದೇ ಹನ್ನೊಂದು ಹನ್ನೊಂದು ಸೆಕೆಂಡಿನ ಕಂತುಗಳಲ್ಲಿ. ಬಚ್ಚಲ ಮನೆಯ ಹಂಡೆ ಸೋರುವುದು ಮೂರು ಬೆಳಗು. ನಮ್ಮ ಮಗಳ ಮದುವೆಯ ಮಾತು ನಲವತ್ತೊಂದು ಬೆಳಗು. ನನ್ನ ಅಕ್ಕ ಬಂದು ಹದಿನೈದು ದಿನ ಇದ್ದು ಹೋದದ್ದರ ಬಗ್ಗೆ ಒಂದು ಇಡೀ ಮಳೆಗಾಲ. ನಾನು ಏನು ಮಾಡುತ್ತಿದ್ದೆ? ಕಣ್ಣು ಸೂರಿಗೆ ನೆಟ್ಟು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಹನ್ನೊಂದಾದ ಕೂಡಲೇ ದಡಕ್ಕನೆ ಎದ್ದು ಹೊರಟುಬಿಡುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಪೆಟ್ಟಿಗೆ ಕೈಕೊಡತೊಡಗಿತು. ಮೊದಲು ಆರಕ್ಕೆ ಬದಲು ಆರು ಐದಕ್ಕೆ ಶುರುವಾಯಿತು. ಆಮೇಲೆ ಆರೂಕಾಲು. ಒಂದು ಸೋಮವಾರ ಏಳೂವರೆ. ಹೊರಗಿನಿಂದ ಬರುವ ಬಸ್ಸಿನ ಕಂಡಕ್ಟರು ನಿಲ್ದಾಣದಲ್ಲಿ ಒಂದು ಗಂಟೆ ಸೀಟಿ ಊದಿ ಊದಿ, ಯಾರೂ ಏಳದಿದ್ದಕ್ಕೆ ಬೈದುಕೊಂಡು ಹೋದನಂತೆ. ಒಂದು ದಿನ ಇದು ಏಳುವುದೇ ಇಲ್ಲ ಎಂದು ಜನ ಹೆದರತೊಡಗಿದರು. ಸಿ.ಡಿ. ಕೂರುವ ಮೇಲಿನ ಮುಚ್ಚಳ ಎತ್ತಿ ನೋಡಿದೆ. ಸಿ.ಡಿ. ಓದುವ ಕಣ್ಣು ಸವೆದುಹೋಗಿತ್ತು. ಅಂಥ ಕಣ್ಣು ಈಗ ಎಲ್ಲೂ ಸಿಗುವುದಿಲ್ಲ. ಊರಿನ ಸಭೆ ಸೇರಿತು. ಅಧ್ಯಕ್ಷೆ ಶಾಂತವೀರಮ್ಮನವರು ನನ್ನ ಕಡೆ ತಿರುಗಿ, "ಏನಪ್ಪಾ ತಿಪ್ಪೇಶಿ, ಬ್ಯಾರೆ ದಾರಿ ಐತೋ ಇಲ್ವೋ?" ಎಂದು ಕೇಳಿದರು.

ದಾರಿ ಇತ್ತು. ಎಮ್ಯುಲೇಟರ್ ಎಂಬ ಒಂದು ಪ್ರೋಗ್ರಾಂ ಇದೆ. ಕಂಪ್ಯೂಟರಿನಲ್ಲಿ ಹಾಕಿದರೆ ಕಂಪ್ಯೂಟರು ತಾನೇ ಆ ಹಳೇ ಪೆಟ್ಟಿಗೆ ಎಂದು ವೇಷ ಕಟ್ಟಿಕೊಂಡು ಕುಣಿಯುತ್ತದೆ. ಸಿ.ಡಿ.ಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಆದರೆ ಆ ವೇಷ ಪೂರ್ತಿಯಾಗಬೇಕಾದರೆ ಪೆಟ್ಟಿಗೆಯೊಳಗಿನ ಫರ್ಮ್‌ವೇರ್ ಬೇಕು. ಪೆಟ್ಟಿಗೆಯಲ್ಲಿ ಕಪ್ಪಗಿನ ಒಂದು ಐಸಿ, ಅಂದರೆ ಚಿಪ್, ಇರುತ್ತದೆ. ಎಚ್ಚರಾದ ಕೂಡಲೇ ನಾನು ಯಾರು, ನನ್ನ ಕಣ್ಣೆಲ್ಲಿ, ಕೈಯೆಲ್ಲಿ, ಮೊದಲು ಏನು ಮಾಡಬೇಕು ಎಂದು ಪೆಟ್ಟಿಗೆ ತನಗೆ ತಾನೇ ಹೇಳಿಕೊಳ್ಳುವುದೆಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿ ಒಂದು ಫೈಲು ಮಾಡಿಕೊಂಡು ಎಮ್ಯುಲೇಟರಿಗೆ ಕೊಡಬೇಕು. ಶುರುವಿನ ಫೈಲು ಅನ್ನೋಣ. ಸರಿಯಾಗಿ ಮಾಡುವುದಾದರೆ ಹಾಗೆ.

ಹೊಸ ಕಂಪ್ಯೂಟರು ಬಂತು. ಹಿಂದಿನ ದಿನವೇ ಎಲ್ಲ ಜೋಡಿಸಿಟ್ಟೆ. ಮಾರನೆಯದು ಪೆಟ್ಟಿಗೆಯ ಕೊನೆಯ ಬೆಳಗು. ನಾದ ಮೊಳಗಿತು, ನಾನು ಎಣಿಸಲು ಹಿಡಿದೆ. ಸರ್ವಮಂಗಳೆ ಮೊದಲ ಐದು ಸೆಕೆಂಡು ನೀರಿನ ಪೈಪಿನ ವಿಷಯಕ್ಕೆ ಕಳೆದಳು. ಆಮೇಲೆ ದನಿ ಬದಲಾಯಿತು. "ರೀ, ನಾನೊಂದು ತೀರ್ಮಾನಕ್ಕೆ ಬಂದೀನಿ. ಇಪ್ಪತ್ತೆರಡು ವರ್ಷ ಆತು. ಸಾಕಾಗೈತೆ. ಇನ್ಮ್ಯಾಲೆ ನಾನು..."

ಹನ್ನೊಂದು. ಗುರುತು ಕರಗಿತು. ನಾನು ಎದ್ದು ಚಪ್ಪಲಿ ಮೆಟ್ಟಿ ಪಂಚಾಯಿತಿ ಕಡೆ ಹೊರಟೆ. ಅವಳು ಹೇಳಿದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಅಲ್ಲಿ ಎಮ್ಯುಲೇಟರ್ ತೆರೆದೆ. ಫರ್ಮ್‌ವೇರ್ ಫೈಲು ಎಲ್ಲಿದೆ ಎಂದು ಕೇಳಿತು. ಅದರ ಕೆಳಗೇ ಇನ್ನೊಂದು ಸಾಲು: ಫೈಲು ಇಲ್ಲದಿದ್ದರೂ ನಡೆಯುತ್ತದೆ, ನನ್ನಲ್ಲೇ ಒಂದು ಬದಲಿ ಇದೆ, ಶುರುವಿನ ಗುರುತನ್ನೂ ನಾದವನ್ನೂ ಹಾರಿಸಿ ನೇರವಾಗಿ ಒಳಗೆ ಹೋಗಬಹುದು. ನಾನು ಆ ಸಾಲನ್ನು ಎರಡು ಸಲ ಓದಿದೆ. ಹಾರಿಸಿ ಹೋಗಬಹುದು! ಐಸಿ ಕೀಳುವ ಕೆಲಸವಿಲ್ಲ, ಹನ್ನೊಂದರವರೆಗೆ ಎಣಿಸುವ ಕೆಲಸವೂ ಇಲ್ಲ. ನಿಜ ಹೇಳುತ್ತೇನೆ, ಆ ಗುಂಡಿ ಒತ್ತುವಾಗ ನನ್ನ ಮುಖದಲ್ಲಿ ನಗು ಇತ್ತು.

ಮಾರನೆಯ ದಿನ ಆರು ಗಂಟೆಗೆ ಊರು ಒಮ್ಮೆಲೇ ಶುರುವಾಯಿತು. ನಾದವಿಲ್ಲ, ಗುರುತಿಲ್ಲ. ಸ್ವಿಚ್ಚು ಹಾಕಿದಂತೆ ಎಲ್ಲರೂ ಎದ್ದು ಕೂತರು. ಜನ ಖುಷಿಪಟ್ಟರು. ಶಾಂತವೀರಮ್ಮನವರು ಮೈಕಿನಲ್ಲಿ, "ಪ್ರತಿಯೊಬ್ರಿಗೂ ದಿನಕ್ಕೆ ಹನ್ನೊಂದು ಸೆಕೆಂಡು ಉಳಿತಾಯ" ಎಂದು ಸಾರಿದರು. ನನಗೆ ಒಂದು ಶಾಲು ಹೊದಿಸಿ, ಒಂದು ಸೇಬಿನ ಬುಟ್ಟಿ ಕೊಟ್ಟರು. ಸೇಬಿನ ಬುಟ್ಟಿಯನ್ನು ಮನೆಗೆ ತಂದು ಸರ್ವಮಂಗಳೆಯ ಮುಂದಿಟ್ಟೆ. ಅವಳು ಒಂದು ಸೇಬು ತೆಗೆದು ಸೆರಗಿನಲ್ಲಿ ಒರೆಸಿ ಕಚ್ಚಿದಳು.

ಆವತ್ತು ಮಧ್ಯಾಹ್ನ ಒಂದು ಟೇಬಲ್ ಫ್ಯಾನಿನ ಒಳಗೆ ಎಣ್ಣೆ ಬಿಡುತ್ತಿದ್ದಾಗ ಅವಳ ಮಾತು ತಲೆಗೆ ಹೋಯಿತು. ಇಪ್ಪತ್ತೆರಡು ವರ್ಷ. ಸಾಕಾಗೈತೆ. ಇನ್ಮ್ಯಾಲೆ ನಾನು. ಇನ್ಮ್ಯಾಲೆ ನೀನು ಏನು? ಎಣ್ಣೆ ಫ್ಯಾನಿನ ಹೊರಗೆ ಸುರಿಯುತ್ತಿದ್ದದ್ದೂ ನನಗೆ ಗೊತ್ತಾಗಲಿಲ್ಲ.

ಸಂಜೆ ಮನೆಗೆ ಹೋದವನೇ, ಏನೂ ಇಲ್ಲದವನ ಹಾಗೆ, "ನಿನ್ನೆ ಏನೋ ಹೇಳ್ತಿದ್ದಲ್ಲ, ಪೈಪಿಂದು ಆದಮ್ಯಾಲೆ?" ಎಂದೆ.

"ಶುರುವಿನ ಮಾತು ಹಗಲು ಹೊತ್ತಿನಾಗೆ ಕೇಳ್ತಾರೇನ್ರೀ?" ಎಂದಳು. "ಊರಿಗೆಲ್ಲ ಬುದ್ಧಿ ಹೇಳೋ ಮನುಷ್ಯ ನೀವು."

"ಈಗ ಶುರುನೇ ಇಲ್ವಲ್ಲ. ಇನ್ನ್ಯಾವಾಗ ಹೇಳ್ತೀಯ?"

"ಅದನ್ನ ಹಾರಿಸ್ದೋರು ನಾನಲ್ಲ" ಎಂದು ರೊಟ್ಟಿ ತಟ್ಟಲು ಕೂತಳು.

ಎರಡು ದಿನ ಕಳೆದ ಮೇಲೆ ಅಟ್ಟದ ಮೇಲಿದ್ದ ತಗಡಿನ ಟ್ರಂಕು ಕೆಳಗಿಳಿದಿತ್ತು. ಅದನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಮರುದಿನ ಅವಳ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿದ್ದು, ಅದು ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಸಿಕೊಂಡು ನಡುಮನೆಯಲ್ಲಿ ಕೂತಿತ್ತು. ಅದರ ಮಾರನೆಯ ದಿನ, ಅವಳ ತಂಗಿಯ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ ಎಂದು ನನ್ನನ್ನೇ ಕೇಳಿದಳು. ನಾನು ಹತ್ತೂವರೆಗೆ ಎಂದೆ. ಇವಳು ಹೊರಟಳು, ನನ್ನನ್ನು ಬಿಟ್ಟು ಹೊರಟಳು ಎಂದುಕೊಂಡೆ. ಇಪ್ಪತ್ತೆರಡು ವರ್ಷ ಮಾತಿನ ನಡುವೆ ಎದ್ದು ಹೋದವನು ನಾನು. ಒಂದು ಸಲ ಅವಳು ಎದ್ದು ಹೋಗುವುದು ನ್ಯಾಯವೇ ತಾನೆ ಎಂದು ಯೋಚಿಸಿದೆ. ನ್ಯಾಯ ಎನ್ನಿಸಿದ್ದರಿಂದ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ಇಷ್ಟರಲ್ಲಿ ಅಂಗಡಿಗೆ ವಿಚಿತ್ರ ಗಿರಾಕಿಗಳು ಬರತೊಡಗಿದ್ದರು. ಪಕ್ಕದ ಮನೆಯ ಹಾಲಪ್ಪ ಮೇಷ್ಟ್ರು ಒಂದು ಟಾರ್ಚು ತಂದು, ಕೆಟ್ಟಿದೆ ನೋಡು ಎಂದರು. ಒತ್ತಿದೆ, ಉರಿಯಿತು. "ಓಹೋ, ಈಗ ಸರಿ ಆತೇನೋ" ಎಂದವರು ಹೋಗದೆ ಅಲ್ಲೇ ನಿಂತರು. ಮೇಷ್ಟ್ರಿಗೆ ದಿನಕ್ಕೊಂದು ತಪ್ಪು ಮಾಡುವ ಅಭ್ಯಾಸ. ಬೆಳಗ್ಗೆ ಆ ಹನ್ನೊಂದು ಸೆಕೆಂಡಿನಲ್ಲಿ ಹೆಂಡತಿಯ ಹತ್ತಿರ ಕ್ಷಮೆ ಕೇಳಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ನಮ್ಮ ಮನೆಗಳ ನಡುವೆ ಒಂದೇ ಗೋಡೆ, ಆದ್ದರಿಂದ ಅವರ ತಪ್ಪುಗಳೆಲ್ಲ ನನಗೆ ಬಾಯಿಪಾಠ. "ಅಲ್ಲಯ್ಯ ತಿಪ್ಪೇಶಿ," ಎಂದು ಕೊನೆಗೆ ಬಾಯಿಬಿಟ್ಟರು, "ಆ ಹಳೇ ಶುರು... ಅದು ಮತ್ತೆ ಬರಂಗಿಲ್ವಾ? ನನಗೇನಲ್ಲ. ಸುಮ್ನೆ ಕೇಳ್ದೆ. ಆರು ದಿನದ್ದು ಬಾಕಿ ಐತೆ." ಅವರ ಹಿಂದೆಯೇ ಶಾಂತವೀರಮ್ಮನವರು ಕೆಡದ ಮೈಕು ಹಿಡಿದು ಬಂದರು. ಹಗಲೆಲ್ಲ ಊರಿಗೆ ಜೋರು ಮಾಡುವ ಆ ಹೆಂಗಸು ಹಾಸಿಗೆ ಹಿಡಿದ ಅತ್ತೆಗೆ ದಿನಾ ಬೆಳಗ್ಗೆ ಏನೋ ಮೆತ್ತಗೆ ಹೇಳುತ್ತಿದ್ದರಂತೆ. ಏನು ಎಂದು ಊರಿಗೆ ಗೊತ್ತಿಲ್ಲ. "ಅತ್ತೆಮ್ಮ ಬೆಳಿಗ್ಗೆದ್ದು ನನ್ನ ಮಕನೇ ನೋಡ್ಕೊಂಡು ಕೂತಿರ್ತಾರಪ್ಪ. ನಾನು ಮೈಕಿನಾಗೆ ಉಳಿತಾಯ ಅಂದ್ಬಿಟ್ಟೀನಿ. ಈಗ ನಾನೇ ಬ್ಯಾಡ ಅನ್ನಕಾಗಲ್ಲ. ನೀನೇ ಏನಾರ ಮಾಡು" ಎಂದರು.

ಮಾಡುತ್ತೇನೆ ಎಂದೆ. ಅವರಿಗಾಗಿ ಎಂಬಂತೆ ಮುಖ ಮಾಡಿಕೊಂಡೆ.

ಮೊದಲು ಸುಲಭದ ದಾರಿ ಹಿಡಿದೆ. ಗುಡ್ಡದ ಆಚೆಯ ಊರೂ ನಮ್ಮ ಹಾಗೇ ಪೆಟ್ಟಿಗೆಯ ಮೇಲೆ ನಡೆಯುತ್ತದೆ. ಅಲ್ಲಿಯ ರಿಪೇರಿಯವನು ನನ್ನ ಪರಿಚಯದವನು. ಅವನ ಬಳಿ ಶುರುವಿನ ಫೈಲು ತಯಾರಾಗೇ ಇತ್ತು. ಒಂದು ಊರಿನ ಫೈಲನ್ನು ಇನ್ನೊಂದು ಊರು ಬಳಸಬಾರದು, ತನ್ನ ಪೆಟ್ಟಿಗೆಯದನ್ನು ತಾನೇ ತೆಗೆದುಕೊಳ್ಳಬೇಕು ಎಂಬುದು ನಮ್ಮ ಕಸುಬಿನ ಮರ್ಯಾದೆ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಅತ್ತ ಕಡೆ ನೋಡುತ್ತ ಕೊಟ್ಟ, ನಾನು ಇತ್ತ ಕಡೆ ನೋಡುತ್ತ ಜೇಬಿಗಿಳಿಸಿದೆ.

ಮಾರನೆಯ ಬೆಳಗ್ಗೆ ಆರಕ್ಕೆ ಕೆರೆಯ ಮೇಲೆ ನೀಲಿ ಬಣ್ಣದ ಗುರುತು ಮೂಡಿತು. ನಾದ ಬೇರೆ, ಯಾರೋ ಲೋಟದ ಮೇಲೆ ಚಮಚ ಬಡಿದ ಹಾಗೆ. ನಾನು ಅವಳ ಮಾತಿಗೆ ಕಿವಿಗೊಟ್ಟೆ. ಅವಳು ಬಾಯಿ ತೆರೆದಿದ್ದು ಕೇಳಿಸಿತು. "ಇದು ನಮ್ಮ ಶುರು ಅಲ್ಲ" ಎಂದಳು, ಅಷ್ಟೇ. ಒಂಬತ್ತನೆಯ ಸೆಕೆಂಡಿಗೆಲ್ಲ ಗುರುತು ಕರಗಿಹೋಯಿತು. ಆ ಊರಿನ ಪೆಟ್ಟಿಗೆ ಬೇರೆ ಸೀಮೆಗೆಂದು ಮಾಡಿದ್ದಂತೆ, ಅದರ ಅಳತೆಯೇ ಬೇರೆ. ಮೇಷ್ಟ್ರು ಮೂರನೆಯ ತಪ್ಪಿನ ನಡುವೆ ಸಿಕ್ಕಿಕೊಂಡು ಅಯ್ಯೋ ಎಂದದ್ದು ಗೋಡೆಯಾಚೆಯಿಂದ ಕೇಳಿಸಿತು. ಆ ದಿನ ಪೂರ್ತಿ ಊರು ಎಡವುತ್ತಲೇ ಇತ್ತು. ನಲ್ಲಿಗಳು ಉಲ್ಟಾ ತಿರುಗಿಸಿದರೆ ಮಾತ್ರ ನೀರು ಬಿಟ್ಟವು. ಹಾಲಿನವನು ನಮ್ಮ ಊರಿನಲ್ಲಿಲ್ಲದ ಬೀದಿಯೊಂದನ್ನು ಹುಡುಕಿಕೊಂಡು ಮಧ್ಯಾಹ್ನದವರೆಗೆ ಅಲೆದ. ಎಲ್ಲರಿಗೂ ಗುಡ್ಡದಾಚೆಯವರು ತಿನ್ನುವ ಹುಳಿ ದೋಸೆಯ ಆಸೆ ಹತ್ತಿತು, ಹಿಟ್ಟು ಯಾರ ಮನೆಯಲ್ಲೂ ಇರಲಿಲ್ಲ. ಸಂಜೆ ಆ ಫೈಲನ್ನು ಅಳಿಸಿಹಾಕಿ, ಅಳಿಸಿದ್ದೇನೆ ಎಂದು ಆ ರಿಪೇರಿಯವನಿಗೆ ಫೋನು ಮಾಡಿ ಹೇಳಿದೆ.

ಉಳಿದದ್ದು ಒಂದೇ ದಾರಿ. ನಮ್ಮ ಪೆಟ್ಟಿಗೆಯನ್ನೇ ಬಿಚ್ಚಬೇಕು, ಅದರ ಐಸಿಯನ್ನೇ ಓದಬೇಕು. ಮಾರನೆಯ ದಿನ ಪೆಟ್ಟಿಗೆಯನ್ನು ಅಂಗಡಿಗೆ ತಂದು ಹೊಟ್ಟೆ ತೆರೆದೆ. ಐಸಿ ಕಾಣಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಕೆಂಪಗೆ, ಗಟ್ಟಿಯಾಗಿ, ಎಣ್ಣೆ ಜಿಡ್ಡು ಹತ್ತಿದ ಒಂದು ಹೆಂಟೆ ಇತ್ತು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕುಂಕುಮ! ಆಯುಧಪೂಜೆಯ ದಿನ ಪೆಟ್ಟಿಗೆಗೆ ಪೂಜೆ ಮಾಡುವುದು ಉಸ್ತುವಾರಿಯವನ ಹೆಂಡತಿಯ ಹಕ್ಕು. ಮೇಲುಗಡೆ ಇಡುತ್ತಾಳೆ ಎಂದುಕೊಂಡಿದ್ದೆ. ನಾನು ಎಂದೂ ನಿಂತು ನೋಡಿದವನಲ್ಲ, ಆರತಿ ಮುಗಿಯುವ ಮೊದಲೇ ಹೊರಗೆ ಹೋಗಿರುತ್ತಿದ್ದೆ.

ಮನೆಗೆ ಓಡಿದೆ. "ಮಂಗಳ, ಪೆಟ್ಟಿಗೆ ಒಳಗೂ ಕುಂಕುಮ ಇಡ್ತಿದ್ದೇನೇ?"

"ಮತ್ತೆ? ಬರೀ ಮೈಗಿಟ್ರೆ ಆತಾ? ಎದಿಗೂ ಇಡಬೇಕಲ್ಲ" ಎಂದಳು. "ತಿರುಪು ಬಿಚ್ಚಿ, ಎಣ್ಣಿ ಹಚ್ಚಿ, ಅದರ ಮ್ಯಾಲೆ ಇಡ್ತಿದ್ದೆ, ಉದುರಬಾರ್ದು ಅಂತ. ಯಾಕ್ರಿ, ಏನಾತು?"

ಬೇರೆ ಯಾವ ಊರಿನ ರಿಪೇರಿಯವನಿಗೂ ಇಂಥದ್ದೊಂದು ಎದುರಾಗಿರಲಾರದು. ಬೈಯಬೇಕು ಎಂದು ಬಾಯಿ ತೆರೆದೆ. ಆದರೆ ಅವಳ ಹಿಂದೆ ಆ ಟ್ರಂಕು ಕಾಣುತ್ತಿತ್ತು. "ಏನಿಲ್ಲ. ಸ್ವಲ್ಪ ಬಂದು ನೋಡ್ತೀಯಾ? ಎಲ್ಲೆಲ್ಲಿಗೆ ಇಟ್ಟಿದ್ದಿ ಅಂತ ನಿನಗೇ ಗೊತ್ತು" ಎಂದೆ.

ಅವಳು ಕೈ ಒರೆಸಿಕೊಂಡು ಬಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಬೆಂಚಿನ ಮುಂದೆ ಅವಳು ಕೂತದ್ದು ಅದೇ ಮೊದಲು. ನಾನು ಹಳೇ ಹಲ್ಲುಜ್ಜುವ ಬ್ರಷ್ಷನ್ನೂ ಸ್ಪಿರಿಟ್ಟನ್ನೂ ಕೈಗೆತ್ತಿಕೊಂಡೆ. ಆ ಐಸಿಗೆ ಇರುವೆಯ ಕಾಲಿನಷ್ಟು ಸಣ್ಣ ನಲವತ್ತು ಕಾಲುಗಳು. ಒತ್ತಿ ತಿಕ್ಕಿದರೆ ಮುರಿಯುತ್ತವೆ, ತಿಕ್ಕದಿದ್ದರೆ ಹೋಗುವುದಿಲ್ಲ. ಮೊದಲ ಕಾಲು ತಿಕ್ಕುವಾಗಲೇ ಅದನ್ನು ಬಗ್ಗಿಸಿಬಿಟ್ಟೆ. ಅವಳು, "ಬಿಡ್ರಿ ಇಲ್ಲಿ" ಎಂದು ಬ್ರಷ್ಷು ಕಿತ್ತುಕೊಂಡಳು. ರವಿಕೆಯ ಗುಂಡಿಗೆ ಕಾಜ ಹಾಕಿ ಪಳಗಿದ ಬೆರಳುಗಳು ಅವು. ಒಂದೊಂದೇ ಕಾಲನ್ನು ಮೆಲ್ಲಗೆ ಉಜ್ಜಿ, ಬಾಯಿಯಿಂದ ಊದಿ, ಬಟ್ಟೆಯ ತುದಿಯಿಂದ ಒತ್ತಿ ತೆಗೆದಳು. ಬೆಳಗ್ಗೆ ಹತ್ತಕ್ಕೆ ಕೂತವಳು ಮಧ್ಯಾಹ್ನ ಎರಡಕ್ಕೆ ತಲೆಯೆತ್ತಿದಳು. ಹತ್ತೂವರೆಯ ಬಸ್ಸು ಅಂಗಡಿಯ ಮುಂದೆಯೇ ಹಾದುಹೋಗಿತ್ತು. ಅವಳು ಅದನ್ನು ನೋಡಿದ್ದಳು, ನಾನೂ ನೋಡಿದ್ದೆ.

ಐಸಿಯನ್ನು ಬಿಡಿಸಿ ರೀಡರಿಗೆ ಕೂರಿಸಿದೆ. ಓದಿದ ಫೈಲನ್ನು ನಂಬಬಾರದು, ಒಂದಕ್ಕೆರಡು ಸಲ ಓದಿ ಎರಡೂ ಒಂದೇ ಇದೆಯೋ ಎಂದು ಹೋಲಿಸಬೇಕು. ಒಂದು ಚುಕ್ಕೆ ಹೆಚ್ಚುಕಡಿಮೆಯಾದರೂ ಊರು ಏನಾಗುತ್ತದೋ ಹೇಳಲು ಬರುವುದಿಲ್ಲ. ಮೊದಲ ಸಲ ಓದಿದ್ದಕ್ಕೂ ಎರಡನೆಯದಕ್ಕೂ ತಾಳೆಯಾಗಲಿಲ್ಲ. ಮೂರನೆಯದು ಇನ್ನೊಂದೇ ಥರ. ಸರ್ವಮಂಗಳೆ ಕಣ್ಣು ಕಿರಿದು ಮಾಡಿ ನೋಡಿ, "ಆ ಮೂಲಿದು, ಕೆಳಗಿನ ಸಾಲಿಂದು, ಒಳಮಗ್ಗಲು ಇನ್ನಾ ಕೆಂಪೈತೆ ನೋಡ್ರಿ" ಎಂದಳು. ಸೂಜಿಯ ಮೊನೆಯಿಂದ ಅದನ್ನೂ ತೆಗೆದಳು. ನಾಲ್ಕನೆಯ ಸಲ ಓದಿದೆ. ಐದನೆಯದು ನಾಲ್ಕನೆಯದರ ಹಾಗೇ ಇತ್ತು. ಆರನೆಯದೂ ಹಾಗೇ. ನಾನು ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ. ಅವಳು ನಕ್ಕಳು. ಅಷ್ಟು ಹತ್ತಿರದಿಂದ ಅವಳ ನಗು ನೋಡಿ ಬಹಳ ದಿನವಾಗಿತ್ತು.

"ಮಂಗಳ, ನೀನು..." ಎಂದು ಶುರು ಮಾಡಿದೆ.

"ಹಗಲು ಐತೆ" ಎಂದಳು. ಸೆರಗು ಕೊಡವಿಕೊಂಡು ಮನೆಗೆ ಹೋದಳು.

ಫೈಲನ್ನು ಎಮ್ಯುಲೇಟರಿಗೆ ಕೊಟ್ಟು, ಹಾರಿಸಿ ಹೋಗುವ ಆ ಸಾಲಿನ ಮುಂದಿದ್ದ ಟಿಕ್ ಮಾರ್ಕನ್ನು ನನ್ನ ಕೈಯಾರೆ ತೆಗೆದೆ. ಆ ರಾತ್ರಿ ಒಂಬತ್ತಕ್ಕೇ ಹಾಸಿಗೆಯ ಮೇಲೆ ಬಿದ್ದುಕೊಂಡೆ.

ಆರು ಗಂಟೆ. ಕಂಚಿನ ತಟ್ಟೆ ಬಿದ್ದ ನಾದ. ಕಿಟಕಿಯಲ್ಲಿ ಕಿತ್ತಳೆ ಬೆಳಕು. ಗೋಡೆಯಾಚೆ ಹಾಲಪ್ಪ ಮೇಷ್ಟ್ರು ಉಸಿರು ತೆಗೆದುಕೊಳ್ಳದೆ, "ಮೊನ್ನೆ ಸಾರು ಚೆಲ್ಲಿದ್ದು ನಾನೇ, ಬೆಕ್ಕಲ್ಲ, ನಿನ್ನ ಅಣ್ಣನಿಗೆ ಹಂಗಂದಿದ್ದೂ ತಪ್ಪು" ಎಂದು ಬಾಕಿ ತೀರಿಸುತ್ತಿದ್ದರು. ನಾನು ಕಾದೆ. ಒಂದು. ಎರಡು. ಸರ್ವಮಂಗಳೆ ಸುಮ್ಮನಿದ್ದಳು. ಎಚ್ಚರವಿದ್ದಾಳೆ ಎಂದು ಉಸಿರಿನಿಂದಲೇ ಗೊತ್ತಾಗುತ್ತಿತ್ತು. ಮೂರು. ನಾಲ್ಕು. ಹೇಳೇ, ಅರ್ಧಕ್ಕೆ ನಿಲ್ಲಿಸಿದ್ದನ್ನು ಹೇಳೇ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಐದು. ಆಗ ಹೊಳೆಯಿತು. ಈ ಹನ್ನೊಂದು ಸೆಕೆಂಡು ನನ್ನದೂ ಆಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅದರಲ್ಲಿ ನಾನು ಆಡಿದ ಮಾತು ಒಂದೂ ಇಲ್ಲ, ಬರೀ ಎಣಿಕೆ. ಅವಳು ಕಾಯುತ್ತಿದ್ದಳು. ಆರು, ಏಳು.

"ಮಂಗಳ" ಎಂದೆ. ಆ ಹೊತ್ತಿನಲ್ಲಿ ನನ್ನ ದನಿ ನನಗೇ ಹೊಸದು. "ಮಂಗಳ, ಹೋಗಬ್ಯಾಡ. ನೀನು ಹೋದ್ರೆ ನಾನು..."

ಗುರುತು ಕರಗಿತು. ನಲ್ಲಿ ಸುರಿಯಿತು, ಕೋಳಿ ಕೂಗಿತು. ಸರ್ವಮಂಗಳೆ ಎದ್ದು ಕೂತು ನನ್ನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ನಗಲು ಹತ್ತಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಏನೇ, ಯಾಕೆ ನಗ್ತಿ? ಹೋಗ್ತೀಯೋ ಇಲ್ವೋ ಅಷ್ಟು ಹೇಳಬಾರ್ದಾ?" ಎಂದರೆ ಕಟ್ಟಳೆ ಅಡ್ಡ ಬಂತು. ತಲೆಯಾಡಿಸಿ, ಕೂದಲು ಗಂಟು ಹಾಕಿಕೊಂಡು, ನಗುತ್ತಲೇ ಒಲೆ ಹಚ್ಚಲು ಹೋದಳು. ಆ ದಿನ ನಾನು ಎರಡು ಮಿಕ್ಸಿಗಳಿಗೆ ಅದಲುಬದಲು ಮುಚ್ಚಳ ಹಾಕಿ ಕೊಟ್ಟೆ. ಮಾತನ್ನು ಅರ್ಧಕ್ಕೆ ಬಾಯಲ್ಲಿಟ್ಟುಕೊಂಡು ಒಂದು ಇಡೀ ಹಗಲು ಕಳೆಯುವುದು ಎಂದರೆ ಏನು ಎಂದು ಅವಳಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು. ನನಗೆ ಅವತ್ತು ಗೊತ್ತಾಯಿತು.

ಮಾರನೆಯ ಬೆಳಗ್ಗೆ ನಾದ ಕೇಳಿಸುತ್ತಿದ್ದಂತೆ ಅವಳೇ ಮೊದಲು ಹೊರಟಳು, ಗಡಿಬಿಡಿಯಲ್ಲಿ, ಒಂದೇ ಉಸಿರಿಗೆ: "ಇನ್ಮ್ಯಾಲೆ ನಾನು ನಿಮ್ಮ ಅಂಗಡಿಯಾಗೇ ಹೊಲಿಗಿ ಮಿಷಿನ್ ಹಾಕ್ತೀನಿ. ಟ್ರಂಕು ಬಟ್ಟಿ ಇಡಾಕೆ. ತಂಗಿ ಊರಾಗೆ ಬಟ್ಟಿ ಅಗ್ಗ. ಅರ್ಧ ಬೆಂಚು ನಂದು. ಎದ್ದು ಎಲ್ಲಿಗೆ ಹೋಗ್ತೀರೋ ನೋಡ್ತೀನಿ. ನಿಮ್ದು ಮುಗಿಸ್ರಿ ಈಗ, ಲಗೂನ!"

ಎಂಟು ಕಳೆದಿತ್ತು, ಮೂರೇ ಉಳಿದಿತ್ತು. ಎದೆಯ ಮೇಲಿನ ಕಲ್ಲು ಇಳಿದು ನಗು ಬರುತ್ತಿತ್ತು, ಅದರ ನಡುವೆಯೇ ನನ್ನ ವಾಕ್ಯ ಹುಡುಕಿಕೊಂಡೆ.

"ನೀನು ಹೋದ್ರೆ ನಾನು ಶುರುನೇ ಆಗಲ್ಲ" ಎಂದೆ.

ಗುರುತು ಕರಗಿತು. ಕೈಕಾಲು ಬಂತು. ನಾನು ಏಳಲಿಲ್ಲ, ಅವಳೂ ಏಳಲಿಲ್ಲ. ಹಾಲಿನವನು ಬಂದು ಬಾಗಿಲಲ್ಲಿ ಎರಡು ಸಲ ಕೂಗಿ, ಉತ್ತರ ಸಿಗದೆ, ನಮ್ಮ ಹಾಲನ್ನೂ ಹಾಲಪ್ಪ ಮೇಷ್ಟ್ರ ಮನೆಗೇ ಕೊಟ್ಟು ಹೋದ.